ಮೊಣಕಾಲು: ಬಳಕೆದಾರರ ಕೈಪಿಡಿ

ಪರಿಚಯ

ಪ್ರತಿ ವಿಶ್ವಾಸಿಗೂ ಹುಟ್ಟುವಾಗಲೇ ಎರಡು ಮೊಣಕಾಲು ಉಚಿತ. ಮಡಚಿದರೆ ಪ್ರಾರ್ಥನೆ, ನೀಡಿದರೆ ನಡಿಗೆ. ಎರಡಕ್ಕೂ ಕೀಲು ಒಂದೇ ಎಂಬುದನ್ನು ಗಮನಿಸಿ. ಬೇರೆ ಬೇರೆ ಇರಲಿ ಎಂದು ತಯಾರಿಸಿದವನಿಗೆ ಅನ್ನಿಸಿಲ್ಲ.

ಬಳಸುವ ಕ್ರಮ

1. ಊರಿ. ಎಷ್ಟು ಹೊತ್ತು ಎಂದು ಗಡಿಯಾರ ನೋಡಬೇಡಿ. ಅರಸನ ಪಾನಸೇವಕ ನೆಹೆಮೀಯ ಯೆರೂಸಲೇಮಿಗಾಗಿ ತಿಂಗಳುಗಟ್ಟಲೆ ಪ್ರಾರ್ಥಿಸಿದ. ಕೊನೆಗೆ ಅರಸನೇ "ಏನು ಬೇಕು?" ಎಂದಾಗ ಬಾಯಿ ತೆರೆಯುವ ಮೊದಲು ಮತ್ತೊಮ್ಮೆ ಪ್ರಾರ್ಥಿಸಿದ. ಅರಸನಿಗೆ ಬೇಸರ ಬರದಷ್ಟು ಚಿಕ್ಕದು. ಆ ಪಟ್ಟಣದ ಗೋಡೆ ಕಟ್ಟುವಾಗ ಶತ್ರುಗಳು ಬಂದರೆ? ಪ್ರಾರ್ಥಿಸಿ, ಕಾವಲನ್ನೂ ಇಟ್ಟ.

2. ಕಿವಿಗೊಡಿ. ನಿಮ್ಮ ಪಟ್ಟಿ ಮುಗಿದ ಮೇಲೆ ಒಂದಿಷ್ಟು ಸುಮ್ಮನಿರಿ. ಉತ್ತರ ಹಲವು ಸಲ ಯಾರದೋ ಹೆಸರಾಗಿ ಬರುತ್ತದೆ. ಆ ಹೆಸರು ನಿಮಗೆ ಹಿಡಿಸಲೇಬೇಕೆಂದಿಲ್ಲ.

3. ಏಳಿ. ಮುಂದೆ ಕೆಂಪು ಸಮುದ್ರ, ಹಿಂದೆ ಫರೋಹನ ರಥಗಳು. ಆಗ ದೇವರು ಮೋಶೆಗೆ ಹೇಳಿದ್ದು, ನನಗೆ ಮೊರೆಯಿಡುವುದೇಕೆ, ಜನರಿಗೆ ಹೊರಡಲು ಹೇಳು ಎಂದು. ಅಪ್ಪಣೆ ಬಂದಾಗ ನೀರಿನ್ನೂ ಇಬ್ಭಾಗವಾಗಿರಲಿಲ್ಲ.

ಎಚ್ಚರಿಕೆ

ಮಡಚಿಯೇ ಇಟ್ಟರೆ ಕೀಲು ಹಿಡಿದುಕೊಳ್ಳುತ್ತದೆ. ಲಕ್ಷಣ: ಗೊತ್ತಿರುವ ಸಂಗತಿಗೇ "ದೇವರ ಚಿತ್ತ ತಿಳಿಯಲಿ" ಎಂದು ಕಾಯುವುದು. ತಮ್ಮನಿಂದ ಪಡೆದ ಸಾಲ ತೀರಿಸಬೇಕೇ ಎಂದು ತಿಳಿಯಲು ಉಪವಾಸ ಕೂಟ ಬೇಕಿಲ್ಲ.

ಮಡಚದೇ ಓಡಾಡಿದರೆ ಸವೆಯುತ್ತದೆ. ಲಕ್ಷಣ: ಅಡುಗೆಮನೆಯಿಂದ ಮಾರ್ಥಳ ಗೊಣಗಾಟ. ಲೂಕನ ಹತ್ತನೇ ಅಧ್ಯಾಯದಲ್ಲಿ, ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿದ ಸಮಾರ್ಯದವನ ಬೆನ್ನಿಗೇ, ಯೇಸುವಿನ ಪಾದದ ಬಳಿ ಸುಮ್ಮನೆ ಕೂತ ಮಾರ್ಥಳ ಸಹೋದರಿ ಮರಿಯಳು ಬರುತ್ತಾಳೆ. ನಿಮಗೆ ಒಗ್ಗುವ ಕಥೆ ಮುಗಿದ ಕೂಡಲೇ ಪುಸ್ತಕ ಮುಚ್ಚಬೇಡಿ.

ಮಾದರಿ ಬಳಕೆ

ಕರಾವಳಿಯಲ್ಲಿ ಕ್ರೈಸ್ತರಾದ ಹಲವರು ಕುಲದಿಂದ ಹೊರಬಿದ್ದು ಕಸುಬು ಕಳೆದುಕೊಂಡರು. ಬಾಸೆಲ್ ಮಿಷನ್ನಿನವರು ಅವರಿಗಾಗಿ ಪ್ರಾರ್ಥಿಸಿ ಎದ್ದು ಮಗ್ಗ ಹಾಕಿದರು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಆ ಪ್ರಾರ್ಥನೆಗೆ ಸಿಕ್ಕ ಉತ್ತರ ಎಷ್ಟೋ ಹಳೆಯ ಮಾಡುಗಳ ಮೇಲೆ ಕೂತು ಇಂದಿಗೂ ಆಷಾಢದ ಮಳೆ ತಡೆಯುತ್ತಿದೆ.

ದೋಷ ಮತ್ತು ಪರಿಹಾರ

ದೋಷ: "ನಿಮಗೋಸ್ಕರ ಪ್ರಾರ್ಥನೆ ಮಾಡ್ತೇವೆ" ಎಂದು ಹೇಳಿ ಬಂದರೂ ಆ ಮನೆಯ ಒಲೆ ಉರಿಯುತ್ತಿಲ್ಲ.
ಪರಿಹಾರ: ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ತೆರೆಯಿರಿ. ಆಮೇಲೆ ಅಕ್ಕಿ ಡಬ್ಬಿ ತೆರೆಯಿರಿ.

ದೋಷ: ಕೆಲಸವೆಲ್ಲ ಸರಿಯಾಗಿ ನಡೆಯುತ್ತಿದೆ, ಆದರೆ ಮನೆಯವರೆಲ್ಲ ನಿಮ್ಮನ್ನು ಕಂಡು ಹೆದರುತ್ತಿದ್ದಾರೆ.
ಪರಿಹಾರ: ಕ್ರಮ 1ಕ್ಕೆ ಮರಳಿ.

ದೋಷ: ಮೊಣಕಾಲೂರಿದಾಗ ತೊಡೆಗೆ ಏನೋ ಚುಚ್ಚುತ್ತದೆ.
ಪರಿಹಾರ: ಇದು ಕೈಪಿಡಿ ಬರೆದವನಿಗೇ ಆದದ್ದು. ಪ್ರಾರ್ಥನಾ ಕೂಟದಲ್ಲಿ, ಹಿಂದಿನ ಮನೆಯ ಆಂಟಿ ಡಯಾಲಿಸಿಸ್‌ಗೆ ಹೋಗಿಬರಲು ಕರ್ತನೇ ಒಂದು ದಾರಿ ತೋರಿಸಲಿ ಎಂದು ಗದ್ಗದಿತನಾಗಿ ಬೇಡುತ್ತಿದ್ದೆ. ಚುಚ್ಚು ನಿಲ್ಲಲಿಲ್ಲ. ಆಮೆನ್ ಹೇಳಿ ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ನನ್ನದೇ ಕಾರಿನ ಕೀ.

ಎದ್ದು ಆಂಟಿಯ ಹತ್ತಿರ ಹೋಗಿ ಕೇಳಿದೆ: "ನಾಳೆ ಎಷ್ಟು ಗಂಟೆಗೆ ಹೊರಡಬೇಕು?"