ಹಾವಸೆಗೊಂದು ಪಿಸ್ತೂಲು

ಮಲೆನಾಡಿನಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಳಕ್ಕೆ ಹಾವಸೆ ಕಟ್ಟಿ, ನೆಂಟರೆಲ್ಲ ಬಾಗಿಲು ಮುಟ್ಟುವ ಮೊದಲೇ ಸಾಷ್ಟಾಂಗ ಹಾಕುತ್ತಾರೆ. ಹಿಡಿಸೂಡಿಯಲ್ಲಿ ಉಜ್ಜಿ ಸೊಂಟ ಹಿಡಿದ ಮೇಲೆ ಪ್ರೆಶರ್ ವಾಷರ್ ತರುವುದೆಂದಾಯಿತು. ನಮ್ಮೂರ ಕರೆಂಟಿನ ಭರವಸೆಯಿಲ್ಲ, ಹಾಗಾಗಿ ಪೆಟ್ರೋಲಿನದು.

"ಎಷ್ಟು ಪಿಎಸ್‌ಐ ಬೇಕು ಭಟ್ರೇ?" ಎಂದ ಅಂಗಡಿಯವ. ಪೊಲೀಸ್ ಠಾಣೆ ನೆನಪಾಗಿ "ಒಬ್ಬರೂ ಬೇಡ ಮಾರಾಯ" ಎನ್ನುವುದರಲ್ಲಿದ್ದೆ. ಅದು ನೀರಿನ ಒತ್ತಡದ ಲೆಕ್ಕವಂತೆ. ಅಂಗಳಕ್ಕೆ 2500ರಿಂದ 3000 ಧಾರಾಳ. ನಿಮಿಷಕ್ಕೆಷ್ಟು ಲೀಟರ್ ನೀರು ಬಿಡುತ್ತದೆಂದೂ ಕೇಳಬೇಕು. ಕೊಳೆ ಕೊಚ್ಚಿಕೊಂಡು ಹೋಗುವುದು ಅದರಿಂದಲೇ.

ಮನೆಗೆ ತಂದು ಸ್ಟಾರ್ಟರ್ ಹಗ್ಗ ಹನ್ನೊಂದು ಸಲ ಎಳೆದೆ. ಭುಜ ಬಿಟ್ಟು ಮತ್ತೇನೂ ಅಲುಗಲಿಲ್ಲ. "ಅಪ್ಪಯ್ಯ, ಗನ್ ಒತ್ತಿ ಒಳಗಿನ ಒತ್ತಡ ಬಿಡಿ" ಎಂದ ಮಗ. ಮರು ಎಳೆತಕ್ಕೇ ಗುಡುಗಿತು!

ನಳಿಕೆಗಳಿಗೆ ಬಣ್ಣಗಳುಂಟು. ಕೆಂಪಿನದು ಶೂನ್ಯ ಡಿಗ್ರಿ, ಸೂಜಿಯಂಥ ಧಾರೆ. ನಾನು ಮೊದಲು ಹಾಕಿದ್ದೂ ಅದನ್ನೇ. ಹಾವಸೆಯ ಜೊತೆ ಕೆಂಪುಕಲ್ಲೂ ಎದ್ದು, ಮೆಟ್ಟಿಲ ಮೇಲೆ ಹಾವು ಹರಿದಂಥ ಗೆರೆ. 40 ಡಿಗ್ರಿಯ ಬಿಳಿ ನಳಿಕೆಗೆ ಬಂದ ಮೇಲೆ ಪರಮಸುಖ: ಕಪ್ಪು ಅಂಗಳದಲ್ಲಿ ಗೇಣಗಲದ ಚೊಕ್ಕ ಪಟ್ಟಿ. ಕಷ್ಟವೂ ಅದೇ. ಒಂದು ಪಟ್ಟಿ ತೊಳೆದರೆ ಉಳಿದ ಲೋಕವೆಲ್ಲ ಕೊಳಕು ಕಾಣುತ್ತದೆ. ಅಂಗಳ, ಕೊಟ್ಟಿಗೆ, ಸ್ಕೂಟರು ಮುಗಿಸಿ ತುಳಸಿಕಟ್ಟೆಗೆ ಗುರಿಯಿಟ್ಟಾಗ ಮನೆಯವಳು ನಲ್ಲಿ ತಿರುಗಿಸಿಬಿಟ್ಟಳು. ನೀರಿಲ್ಲದೆ ಓಡಿಸಿದರೆ ಪಂಪು ಹಾಳು, ತಕ್ಷಣ ಆರಿಸಿದೆ. ಪಂಪಿನ ಭಯಕ್ಕೇ ಎಂದು ಅವಳಿಗೂ ಹೇಳಿದ್ದೇನೆ.