ಕಷಾಯ ಮೀಮಾಂಸೆ: ರೋಗನಿರೋಧಕ ಶಕ್ತಿಯ ಸೂತ್ರ, ಭಾಷ್ಯ ಮತ್ತು ಒಗ್ಗರಣೆ

ವಿದ್ವಜ್ಜನರಲ್ಲಿ ವಿಜ್ಞಾಪನೆ. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂಬುದಕ್ಕೂ ಗ್ರಂಥವಿರುವ ನಮ್ಮ ನಾಡಿನಲ್ಲಿ 'ಇಮ್ಯುನಿಟಿ' ಎಂಬ ಮಹಾತತ್ತ್ವಕ್ಕೆ ಒಂದು ಶಾಸ್ತ್ರವಿಲ್ಲದಿರುವುದು ಶೋಚನೀಯ. 2020ರಿಂದ ಈಚೆಗೆ ಈ ಮಾತು ಕೇಳಿಬರದ ಅಡುಗೆಮನೆಯೇ ಇಲ್ಲ. ಆ ಕೊರತೆ ನೀಗಿಸಲು ಈ ಕಿರುಪ್ರಬಂಧ. ಇದನ್ನು ಓದಲು ಅಧಿಕಾರಿ ಯಾರು? ಜೀವಮಾನದಲ್ಲಿ ಒಮ್ಮೆಯಾದರೂ ಮೂಗು ಸೋರಿದವರೆಲ್ಲರೂ.

ಮೊದಲನೆಯ ಸೂತ್ರ: ದೌರ್ಬಲ್ಯವು ಪರರಿಗೆ ಮಾತ್ರ ಗೋಚರ.

ಭಾಷ್ಯ: ತನ್ನ ಶಕ್ತಿ ಕುಂದಿದೆಯೆಂದು ಯಾರಿಗೂ ತಾನಾಗಿ ತಿಳಿಯುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಎದುರಿಗೆ ಕೂತ ದೊಡ್ಡತ್ತೆ "ಏನೋ, ಹೀಗೆ ಇಳಿದು ಹೋಗಿದ್ದೀಯ?" ಎಂದ ಕ್ಷಣದಲ್ಲಿ ಅದು ಸಿದ್ಧವಾಗುತ್ತದೆ. ಅದೇ ಮನುಷ್ಯ ಪಂಕ್ತಿಯ ಆ ತುದಿಯಲ್ಲಿ ಕೂತಿದ್ದರೆ ಚಿಕ್ಕಪ್ಪನಿಂದ "ಏನಪ್ಪಾ, ಊದಿಕೊಂಡಿದ್ದೀ" ಅನ್ನಿಸಿಕೊಳ್ಳುತ್ತಿದ್ದ. ಚಿಂತೆಯಿಲ್ಲ, ಎರಡಕ್ಕೂ ಕಷಾಯ ಒಂದೇ.

ಇಲ್ಲಿ ಪೂರ್ವಪಕ್ಷ. ಮನೆಯಲ್ಲಿ ವಿಜ್ಞಾನ ಓದಿದ ಮಗಳು ಆಕ್ಷೇಪಿಸುತ್ತಾಳೆ: "ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ ಅತ್ತೆ. ಜ್ವರ, ಸಿಂಬಳ ಎಲ್ಲ ಆ ಶಕ್ತಿ ಕೆಲಸ ಮಾಡುತ್ತಿರುವುದರ ಗುರುತು. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಬಂದರೆ, ನಾಲ್ಕು ಸಲ ಕಿವಿ ಸೋಂಕಾದರೆ, ಬಾಯೊಳಗಿನ ಬಿಳಿ ಬೂಷ್ಟು ಹೋಗದಿದ್ದರೆ, ಕೂಸಿನ ತೂಕ ಏರದಿದ್ದರೆ ಆಗ ಅನುಮಾನಪಡಬೇಕು. ಡಾಕ್ಟರು ರಕ್ತದಲ್ಲಿ ಇಮ್ಯುನೊಗ್ಲಾಬ್ಯುಲಿನ್ ಅಳೆದು ಹೇಳುತ್ತಾರೆ." ಸಿದ್ಧಾಂತ, ದೊಡ್ಡತ್ತೆಯದು: "ಅಳೆಯೋದೇನು ಬಂತು, ಮುಖ ನೋಡಿದರೆ ಗೊತ್ತಾಗಲ್ವಾ?" ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣವಿಲ್ಲವಾದ್ದರಿಂದ ಪೂರ್ವಪಕ್ಷ ಅಲ್ಲಿಗೇ ಬಿದ್ದುಹೋಯಿತು.

ಎರಡನೆಯ ಸೂತ್ರ: ಕಹಿಯೆಷ್ಟೋ ಬಲವಷ್ಟು.

ಭಾಷ್ಯ: ಈ ಅಳತೆಗೋಲಿನಿಂದ ನೋಡಿದರೆ ಮಲೆನಾಡಿನ ಕೊತ್ತಂಬರಿ-ಜೀರಿಗೆ ಪಂಥ ತೀರ ಕೆಳಗಿನದು. ಅವರು ಕಷಾಯಕ್ಕೆ ಬೆಲ್ಲ ಹಾಕುತ್ತಾರೆ, ಮೇಲೆ ಹಾಲನ್ನೂ ಹೊಯ್ಯುತ್ತಾರೆ. ಕುಡಿದವರು ಇನ್ನೊಂದು ಲೋಟ ಕೇಳುತ್ತಾರೆ. ಔಷಧಕ್ಕೆ ಇದಕ್ಕಿಂತ ಕಳಂಕ ಬೇಕೆ? ಅದಕ್ಕಿಂತ ತುಸು ಮೇಲೆ ಸರಕಾರಿ ಪಂಥ. 2020ರ ಮಾರ್ಚ್ ಕೊನೆಯಲ್ಲಿ ಕೇಂದ್ರದ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯವನ್ನೂ 150 ಮಿ.ಲೀ. ಬಿಸಿಹಾಲಿಗೆ ಅರ್ಧ ಚಮಚ ಅರಿಶಿನವನ್ನೂ ಸೂಚಿಸಿತು. ಅಳತೆ ಹೇಳಿದ್ದೇ ಅವರ ದೌರ್ಬಲ್ಯ. ನಮ್ಮ ಭಾಷ್ಯಕಾರರು ಅರ್ಧ ಚಮಚವನ್ನು ಅರ್ಧ ಹಿಡಿ ಎಂದು ತಿದ್ದಿ ಓದಿಕೊಂಡರು.

ಶಿಖರಪ್ರಾಯವಾದದ್ದು ತುಳುನಾಡಿನ ಆಟಿ ಅಮಾವಾಸ್ಯೆಯ ಪಂಥ. ಹೊರಗೆ ಜಡಿಮಳೆ. ನಸುಕಿನಲ್ಲೇ ಎದ್ದು ಹಾಲೆಮರದ ಬುಡಕ್ಕೆ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ಕೆತ್ತೆ ತೆಗೆಯಬೇಕು. ಅದನ್ನು ಓಮ, ಬೆಳ್ಳುಳ್ಳಿ, ಕರಿಮೆಣಸಿನೊಂದಿಗೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಬಿಟ್ಟರೆ ಚೊಂಯ್ ಎನ್ನುತ್ತದೆ. ಕಲ್ಲಿನ ಒಗ್ಗರಣೆ! ಖಾಲಿ ಹೊಟ್ಟೆಗೆ ಇಷ್ಟೇ ಇಷ್ಟು, ಮುಖ ಕಿವುಚಿಕೊಂಡು ಒಂದೇ ಗುಟುಕಿಗೆ. ಮೇಲಿಂದ ಮೆಂತೆ ಗಂಜಿ. ಒಂದು ಬೆಳಗಿನ ಕಹಿಗೆ ವರ್ಷವಿಡೀ ರಜೆ ಕೊಡುವ ಈ ಪಂಥದ ಔದಾರ್ಯಕ್ಕೆ ಪ್ರಬಂಧಕಾರನ ನಮನ. ಮರ ಗುರುತಿಸುವುದು ಮಾತ್ರ ಬಲ್ಲವರ ಕೆಲಸ. ಕತ್ತಲಲ್ಲಿ ಎಡವಟ್ಟಾಗಿ ಕಾಸರಕದ ಕೆತ್ತೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ. ಕಹಿಯಲ್ಲಿ ಅದೂ ಏನೂ ಕಡಿಮೆಯಲ್ಲ.

ಮಜ್ಜಿಗೆ ಪಂಥವನ್ನೂ ಇಲ್ಲಿಯೇ ಮುಗಿಸೋಣ. ಇದಕ್ಕೆ ರಷ್ಯಾದ ಇಲ್ಯಾ ಮೆಚ್ನಿಕೋವ್ ಆಚಾರ್ಯರು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿಟ್ಟು, ಮರುದಿನ ನೋಡಿದಾಗ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ರೋಗನಿರೋಧದ ಗುಟ್ಟು ಹೀಗೆ ಸಿಕ್ಕಿ, 1908ರಲ್ಲಿ ಪಾಲ್ ಎರ್ಲಿಖ್ ಜತೆ ನೊಬೆಲ್ ಬಂತು. ಹುಳಿಹಾಲು ಮುಪ್ಪನ್ನು ಮುಂದೂಡುತ್ತದೆಂದು ನಂಬಿ ಅದನ್ನು ತಪ್ಪದೆ ಕುಡಿಯುತ್ತಲೂ ಇದ್ದರು. 71ಕ್ಕೆ ತೀರಿಕೊಂಡರು. ಇಂಗು-ಕರಿಬೇವಿನ ಒಗ್ಗರಣೆ ಇರಲಿಲ್ಲವಲ್ಲ ಎಂದು ನಮ್ಮವರ ಸಮಾಧಾನ.

ಮೂರನೆಯ ಸೂತ್ರ: ಹೆಚ್ಚಿದಷ್ಟೂ ಹಿತ.

ಈ ಸೂತ್ರಕ್ಕೆ ಭಾಷ್ಯ ಬರೆಯಲು ಕೂತರೆ ಪೆನ್ನು ನಿಲ್ಲುತ್ತದೆ. ರುಮಟಾಯ್ಡ್ ಸಂಧಿವಾತ, ಲೂಪಸ್ ಇವೆಲ್ಲ ಈ ಶಕ್ತಿ ಸೊರಗಿ ಬಂದ ಕಾಯಿಲೆಗಳಲ್ಲ. ಅದು ದಿಕ್ಕುತಪ್ಪಿ ತನ್ನ ಮೈಮೇಲೆಯೇ ಏರಿಹೋದದ್ದು. ಕುಡಿದ ಕಾವಲುಗಾರನಿಗೆ ಇನ್ನೊಂದು ಬಂದೂಕು ಕೊಟ್ಟರೆ ಮನೆಗೆ ಭದ್ರತೆ ಹೆಚ್ಚುತ್ತದೆಯೆ? 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರ ಪಿತ್ತಜನಕಾಂಗ ಹೀಗೆಯೇ ಉರಿಯೂತಕ್ಕೊಳಗಾದದ್ದನ್ನು ವರದಿ ಮಾಡಿದರು. ಸಚಿವಾಲಯ ಬಳ್ಳಿಯ ಪರ ವಕಾಲತ್ತು ವಹಿಸಿತು. ಇನ್ನು ಅಂಗಡಿಯ ಲೇಹ್ಯ. ಡಬ್ಬಿಯ ಮುಂದೆ 'ಶಕ್ತಿ' ಎಂದು ದಪ್ಪಕ್ಷರ, ಹಿಂದೆ ಸಣ್ಣಕ್ಷರದಲ್ಲಿ ಸಕ್ಕರೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಷ್ಟು ಈ ಶಕ್ತಿಯನ್ನು ಕುಂದಿಸುವ ಸಂಗತಿಗಳು ನಮ್ಮಲ್ಲಿ ಕಡಿಮೆ. 2021ರಲ್ಲಿ ಕಪ್ಪು ಶಿಲೀಂಧ್ರ ಹುಡುಕಿಕೊಂಡು ಹೋದದ್ದೂ ಹೆಚ್ಚಾಗಿ ಸಕ್ಕರೆ ಕಾಯಿಲೆಯವರನ್ನೇ, ಸ್ಟಿರಾಯ್ಡ್ ತೆಗೆದುಕೊಂಡವರನ್ನೇ.

ಕೊನೆಗೆ ಉಳಿದದ್ದು ನೀರಸ ಪಂಥ. ನಿದ್ದೆ ಮಾಡು, ನಡೆ, ಕೈ ತೊಳೆ, ಸಕ್ಕರೆ ಹತೋಟಿಯಲ್ಲಿಡು, ಲಸಿಕೆ ಹಾಕಿಸು ಎನ್ನುವ ಮಂದಿ ಇವರು. ಅಮೆರಿಕದಲ್ಲಿ ಜನರ ಮೂಗಿಗೆ ನೆಗಡಿಯ ವೈರಸ್ಸನ್ನೇ ಹನಿಸಿ ನೋಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಏಳು ಗಂಟೆಗಿಂತ ಕಡಿಮೆ ನಿದ್ದೆ ಮಾಡುತ್ತಿದ್ದವರಿಗೆ ನೆಗಡಿ ಹತ್ತುವ ಸಂಭವ, ಎಂಟು ಗಂಟೆ ಮಲಗುವವರಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು. ಆದರೂ ಈ ಪಂಥಕ್ಕೆ ಅನುಯಾಯಿಗಳಿಲ್ಲ. ಅರೆಯಲು ಏನೂ ಇಲ್ಲ, ಕುದಿಸಲು ಏನೂ ಇಲ್ಲ, ಮುಖ ಕಿವುಚುವ ಸುಖವಂತೂ ಇಲ್ಲವೇ ಇಲ್ಲ. ನಿದ್ದೆಯ ಮಹಿಮೆ ಸಾರುವ ಸಂದೇಶವನ್ನೂ ನಮ್ಮ ಮನೆಗಳ ವಾಟ್ಸಾಪ್ ಬಳಗದಲ್ಲಿ ರಾತ್ರಿ ಒಂದು ಗಂಟೆಗೇ ಹಂಚುತ್ತಾರೆ.

ಫಲಶ್ರುತಿ: ಈ ಪ್ರಬಂಧವನ್ನು ಮೂರು ಹೊತ್ತು, ಬಿಸಿ ಕಷಾಯದೊಂದಿಗೆ, ಶ್ರದ್ಧೆಯಿಂದ ಪಾರಾಯಣ ಮಾಡಿದವರ ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನದೊಳಗೆ ವಾಸಿಯಾಗುತ್ತದೆ. ಓದದವರಿಗೂ ಅಷ್ಟೇ ದಿನ ಹಿಡಿಯುತ್ತದೆ.