ಬೆನ್ನಿಗೆ ಮಣ್ಣು ಹತ್ತದ ಪೈಲ್ವಾನ

ದಾಂಡೇಲಿಯಲ್ಲಿ ಕಾಗದಕ್ಕೆ ಬರವಿಲ್ಲ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಹುಟ್ಟಿದಾಗಿನಿಂದ ಇದು ಕಾಗದದ ಊರು. ಆ ಕಾಗದದ ಮೇಲೆ ಬರೆಯುವುದಕ್ಕೆಂದೇ ನಮ್ಮ ಓಣಿಯಲ್ಲಿ ತಯಾರಿ ಮಾಮಾ ಇದ್ದಾನೆ. ಎಫ್‌ಡಿಎ, ಎಸ್‌ಡಿಎ, ಯಾವ ಸರ್ಕಾರಿ ನೌಕರಿಗೆ ಕರೆದರೂ ಅರ್ಜಿ ಹಾಕುತ್ತಾನೆ. 9 ವರ್ಷದಿಂದ ತಯಾರಾಗುತ್ತಿದ್ದಾನೆ. ಪರೀಕ್ಷೆ ಬರೆದಿಲ್ಲ, ತಯಾರಾಗುತ್ತಿದ್ದಾನೆ. ಬಳಸದ ಹಾಲ್ ಟಿಕೆಟುಗಳನ್ನು ಲ್ಯಾಮಿನೇಷನ್ ಮಾಡಿಸಿ ಜೋಪಾನವಾಗಿ ಇಟ್ಟಿದ್ದಾನೆ.

ಹೆಸರು ಕೇಳಬೇಡಿ. ನಿಮ್ಮ ಓಣಿಯಲ್ಲೂ ಒಬ್ಬ ಇರುತ್ತಾನೆ, ಅವನ ಹೆಸರು ಹಾಕಿಕೊಂಡು ಓದಿ.

ಧಾರವಾಡದ ಸಪ್ತಾಪುರದ ಕೋಚಿಂಗ್ ಗಲ್ಲಿಗಳಿಂದ ಅವನು ಚೀಲಗಟ್ಟಲೆ ಗೈಡು ತಂದಿದ್ದಾನೆ. ಕರ್ನಾಟಕದ ಇತಿಹಾಸದಲ್ಲಿ ಕದಂಬರ ತನಕ ಅವನನ್ನು ಮೀರಿಸುವವರಿಲ್ಲ. ಬಾದಾಮಿ ಚಾಲುಕ್ಯರು ಇನ್ನೇನು ಬಂದರು ಅನ್ನುವಾಗ ಪೇಟೆಗೆ ಹೊಸ ಗೈಡು ಬರುತ್ತದೆ. ಮಾಮಾ ಅದನ್ನು ಕೊಂಡು ಮತ್ತೆ ಮಯೂರವರ್ಮನಿಂದ ಶುರು ಹಚ್ಚುತ್ತಾನೆ.

ಹಾಗಂತ ಅವನಿಗೆ ಗುರುಗಳಿಲ್ಲವೆಂದಲ್ಲ. ಸುತ್ತಲಿನ ಒಂದೊಂದು ತಾಲ್ಲೂಕಿನಿಂದಲೂ ಒಂದೊಂದು ಪಾಠ ಕಲಿತಿದ್ದಾನೆ.

ಮೊದಲ ಗುರು ದಾಂಡೇಲಿ ಕಾಡಿನ ಮಂಗಟ್ಟೆ ಹಕ್ಕಿ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮೆತ್ತಿಕೊಳ್ಳುತ್ತದೆ. ಉಳಿದ ಸಣ್ಣ ಸೀಳಿನಲ್ಲಿ ಗಂಡು ಹಣ್ಣು ತಂದು ಕೊಡುತ್ತದೆ. ಇದನ್ನು ಕೇಳಿದ್ದೇ ತಡ, ಮಾಮಾ ಕೋಣೆಯ ಕದ ಹಾಕಿಕೊಂಡ. ಅವನ ತಾಯಿ ಮೂರು ತಿಂಗಳು ಕದದ ಸಂದಿಯಲ್ಲಿ ಚಹಾ, ಮಂಡಕ್ಕಿ ದಾಟಿಸಿದರು. ಮಂಗಟ್ಟೆ ಹೊರಗೆ ಬಂದಾಗ ಮರಿ ಇರುತ್ತದೆ. ಮಾಮಾ ಬಂದಾಗ ಹೊಟ್ಟೆ ಇತ್ತು.

ಧೈರ್ಯ ಸಾಲದೆಂದು ಜೋಯಿಡಾ ತಾಲ್ಲೂಕಿನ ಗಣೇಶಗುಡಿಗೆ ಹೋದ. ಸೂಪಾ ಅಣೆಕಟ್ಟಿನ ನೀರು ಬಿಟ್ಟಾಗ ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯುತ್ತದಲ್ಲ, ಅದಕ್ಕೆ. ಜಾಕೆಟ್ಟನ್ನು ಮೂರು ಸಲ ಬಿಗಿಸಿಕೊಂಡ. ಗೈಡ್ ಹೇಳಿದ ಸೂಚನೆಗಳನ್ನು ಬರೆದುಕೊಂಡು ಮುಖ್ಯವಾದವಕ್ಕೆ ಹಳದಿ ಗೆರೆ ಎಳೆದ. ತಲೆ ಎತ್ತಿದಾಗ ರಾಫ್ಟು ತಿರುವು ದಾಟಿತ್ತು.

ಮುಂಡಗೋಡಿನಲ್ಲಿ ಮಾತ್ರ ಅವನಿಗೆ ದೊಡ್ಡ ಸಮಾಧಾನ ಸಿಕ್ಕಿತು. 1966ರಿಂದ ಇರುವ ಟಿಬೆಟನ್ ಕಾಲೊನಿಯ ಡ್ರೆಪುಂಗ್, ಗಾಂದೆನ್ ಮಠಗಳಲ್ಲಿ ಭಿಕ್ಷುಗಳು ಗೆಶೆ ಪದವಿಗಾಗಿ 15–20 ವರ್ಷ ಓದುತ್ತಾರೆಂದು ತಿಳಿಯಿತು. "ನೋಡ್ರಿ, ಅವರದು ಇಪ್ಪತ್ತು! ನಂದು ಇನ್ನೂ ಒಂಬತ್ತು!" ಎಂದು ಹಿಗ್ಗಿದ. ಅಂಗಳದಲ್ಲಿ ನಡೆಯುತ್ತಿದ್ದದ್ದರ ಅರ್ಥ ಅವನಿಗೆ ಆಗಲಿಲ್ಲ. ಒಬ್ಬ ಕೂತಿದ್ದ, ಇನ್ನೊಬ್ಬ ಎದುರು ನಿಂತು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆಯುತ್ತಿದ್ದ. ಕೂತವನು ತಡವರಿಸಿದರೆ ಎಲ್ಲರೆದುರಿಗೇ ಸೋಲು. ಆ ಇಪ್ಪತ್ತು ವರ್ಷದ ತುಂಬ ಅವರಿಗೆ ಇಂಥ ಪರೀಕ್ಷೆ. ಮಾಮಾ ಅದರಲ್ಲಿ ಚಪ್ಪಾಳೆಯೊಂದನ್ನು ಕಲಿತು ಬಂದ. ಈಗ ಒಂದು ಪುಟ ಮುಗಿದರೆ ತಾನೇ ತನಗೆ ಹೊಡೆದುಕೊಳ್ಳುತ್ತಾನೆ.

ಉಳಿದದ್ದು ಹಳಿಯಾಳ. ಅದು ಕುಸ್ತಿಯ ಊರು. ಅಲ್ಲಿ ಹುಡುಗರಷ್ಟೇ ಅಲ್ಲ, ಹುಡುಗಿಯರೂ ಮಟ್ಟಿಗೆ ಇಳಿಯುತ್ತಾರೆ. ಮಾಮಾನ ಅಕ್ಕನ ಮಗಳು ಶಾಲೆಯ ದಿನಗಳಲ್ಲಿ ಅಲ್ಲೇ ಕುಸ್ತಿ ಕಲಿತವಳು. ದೇಹ ಗಟ್ಟಿಯಿದ್ದರೆ ಬುದ್ಧಿ ಗಟ್ಟಿ ಎಂದು ಮಾಮಾ ಪೈಲ್ವಾನರ ಖುರಾಕು ವಿಚಾರಿಸಿದ. ಹಾಲು, ತುಪ್ಪ, ಅರೆದ ಬದಾಮಿ. ಅಂದೇ ಶುರುವಾಯಿತು. ಗೈಡಿನಲ್ಲಿ ಬಾದಾಮಿ ಬರುವ ಮೊದಲೇ ಹೊಟ್ಟೆಗೆ ಬದಾಮಿ ಬಂತು. ಒಂದು ಮುಂಜಾನೆ ಗರಡಿಗೂ ಹೋದ. ಎಣ್ಣೆ, ಅರಿಷಿಣ, ಮಜ್ಜಿಗೆ ಕಲಸಿ ಹದ ಮಾಡಿದ ಕೆಂಪು ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡ, ಹನುಮಪ್ಪನಿಗೆ ಕಾಯಿ ಒಡೆಸಿದ, ತೊಡೆ ತಟ್ಟಿದ. "ಇಳೀರಿ ಮತ್ತ" ಅಂದರು ವಸ್ತಾದರು.

"ಇನ್ನೂ ಸ್ವಲ್ಪ ತಯಾರಿ ಆಗಬೇಕ್ರಿ."

ವಸ್ತಾದರು ನಕ್ಕರು. "ತಮ್ಮಾ, ಇಲ್ಲಿ ತಯಾರಿ ಅಂದ್ರ ಬೀಳೂದು. ಕಣದಾಗ ಬೆನ್ನಿಗೆ ಮಣ್ಣು ಹತ್ತಿದ್ರ ಸೋತಂಗ. ಅದಕ್ಕ ಗರಡ್ಯಾಗ ದಿನಾ ಹತ್ತಿಸ್ಕೋತೀವಿ."

ಮಾಮಾ ಆ ಮಾತನ್ನು ಚೆಂದದ ಅಕ್ಷರದಲ್ಲಿ ಬರೆದು ಕೋಣೆಯ ಗೋಡೆಗೆ ಅಂಟಿಸಿದ.

ಅಕ್ಕನ ಮಗಳು ಅರ್ಧಂಬರ್ಧ ಓದಿಕೊಂಡೇ ಪರೀಕ್ಷೆಗೆ ಹೋದಳು, ಫೇಲಾದಳು. "ತಯಾರಿ ಸಾಲ್ದು" ಅಂದ ಮಾಮಾ. ಎಲ್ಲಿ ತಪ್ಪಿತೆಂದು ನೋಡಿಕೊಂಡು ಇನ್ನೊಮ್ಮೆ ಬರೆದಳು, ನಾಲ್ಕು ಅಂಕದಲ್ಲಿ ಹೋಯಿತು. "ನಾ ಹೇಳಿದ್ನಲ್ಲ" ಅಂದ. ಮೂರನೇ ಸಲಕ್ಕೆ ಆರ್ಡರ್ ಬಂತು. ಧಾರವಾಡ ಪೇಡೆ ಹಿಡಿದು ಬಂದಳು. ಮಾಮಾ ಎರಡು ಪೇಡೆ ತಿಂದು, "ಎಲ್ಲಾ ನಸೀಬ" ಅಂದ.

ತಯಾರಿಯಲ್ಲಿ ಒಂದು ಸುಖವಿದೆ, ಅದರಲ್ಲಿ ಯಾರೂ ಫೇಲಾಗುವುದಿಲ್ಲ. ಆ ಸುಖದ ರುಚಿ ಹತ್ತಿದವನಿಗೆ ಪರೀಕ್ಷೆಯ ದಿನ ಒಂದು ಅಡಚಣೆಯಾಗಿ ಕಾಣುತ್ತದೆ.

ಮೊನ್ನೆ ಮತ್ತೆ ಅರ್ಜಿ ಕರೆದಿದ್ದಾರೆ. ಮಾಮಾನಿಗೆ ವಯೋಮಿತಿ ಮುಗಿಯಲು ಇನ್ನೊಂದೇ ವರ್ಷ. ನಿನ್ನೆ ಸಂಜೆ ಹೋಗಿದ್ದೆ. ಹೊಸ ಗೈಡು ತೆರೆದಿತ್ತು, ಮೊದಲ ಪುಟದಲ್ಲಿ ಮಯೂರವರ್ಮ ಮೈತುಂಬ ಹಳದಿಯಾಗಿ ನಿಂತಿದ್ದ. ಮಾಮಾ ಆ ಕಡೆ ಮುಖ ಮಾಡಿ ಪೆನ್ಸಿಲ್ ಚೂಪು ಮಾಡುತ್ತಿದ್ದ. ಬಿಳಿ ಅಂಗಿ. ಬೆನ್ನ ಮೇಲೆ ಒಂದು ಕಲೆಯೂ ಇರಲಿಲ್ಲ.